ಅರಬ್ಬಿ ಕಲಿಕೆ: ತೆರೆಯ ಮೇಲಿನ ಚಿತ್ರ ಪದವನ್ನು ಕಲಿಸಬಲ್ಲುದೇ?

ದೂರದರ್ಶನದ ತೆರೆಯ ಮೇಲೆ ಒಂದು ಉದ್ದನೆಯ ಮೇಜು. ಅದರ ಎರಡೂ ಬದಿಗೆ ಸೂಟುಧಾರಿ ಗಣ್ಯರು. ಮುಂದೆ ನೀರಿನ ಬಾಟಲಿ, ಪುಟ್ಟ ಧ್ವಜಗಳು, ಕಾಗದದ ಕಟ್ಟು. ಹಿನ್ನೆಲೆಯಲ್ಲಿ ಅರಬ್ಬಿ ವಾರ್ತಾವಾಚಕರ ಧ್ವನಿ. ಆ ಧ್ವನಿಯಲ್ಲಿ ‘ಇಜ್ತಿಮಾ’ ಎಂಬ ಪದ ಕೇಳಿಬಂದರೆ ಅಲ್ಲಿ ನಡೆದಿರುವುದು ಸಭೆ. ‘ಮುಫಾವದಾತ್’ ಎಂದರೆ ಸಂಧಾನದ ಮಾತುಕತೆ. ‘ಇತ್ತಿಫಾಕ್’ ಎಂದರೆ ಒಪ್ಪಂದ. ಮೂರರ ಅರ್ಥವೂ ಬೇರೆ, ಪರಿಣಾಮವೂ ಬೇರೆ. ದೃಶ್ಯ ಮಾತ್ರ ಒಂದೇ.

ಸುದ್ದಿಮನೆಯಲ್ಲಿ ಕೆಲಸ ಮಾಡುವವರಿಗೆ ಇದರ ಗುಟ್ಟು ತಿಳಿದದ್ದೇ. ಮಾತುಕತೆ ಎಲ್ಲಿಯೇ ನಡೆಯಲಿ, ಹೊಸ ದೃಶ್ಯ ಕೈಸೇರುವ ಮುನ್ನ ಸಂಗ್ರಹದಲ್ಲಿರುವ ಹಳೆಯ ಮೇಜನ್ನೇ ತೋರಿಸುವುದು ವಾಡಿಕೆ. ಭಾಷೆ ಬಲ್ಲ ವೀಕ್ಷಕನಿಗೆ ಇದರಿಂದ ನಷ್ಟವೇನೂ ಇಲ್ಲ. ಆದರೆ ಚಿತ್ರವನ್ನು ನೋಡುತ್ತಲೇ ಭಾಷೆ ಕಲಿಯಲು ಹೊರಟವನ ಪಾಡೇನು?

ಅರಬ್ಬಿ ಬೋಧನೆಯಲ್ಲಿ ದೃಶ್ಯ-ಶ್ರವ್ಯ ಮಾಧ್ಯಮಗಳ ಬಳಕೆ ಕುರಿತ ಚರ್ಚೆ ಸುತ್ತುವುದು ಬಹುಮಟ್ಟಿಗೆ ಈ ಪ್ರಶ್ನೆಯನ್ನೇ. ಆರಂಭಿಕ ಹಂತದವರಿಗೆ ಸೇಬಿನ ಚಿತ್ರ ತೋರಿಸಿ ‘ತುಫ್ಫಾಹ್’ ಎಂದು ಹೇಳಿಕೊಟ್ಟರೆ ಕೆಲಸ ಮುಗಿಯಿತು. ಪ್ರವೀಣರಿಗೆ ಚಿತ್ರದ ಹಂಗೇ ಇಲ್ಲ. ಸಂಕಟವಿರುವುದು ಇವರಿಬ್ಬರ ನಡುವೆ ನಿಂತವರಿಗೆ. ಅವರು ಅಕ್ಷರ ಬಲ್ಲರು, ಸರಳ ವಾಕ್ಯ ಕಟ್ಟಬಲ್ಲರು, ನಿಘಂಟು ಹಿಡಿದು ಪತ್ರಿಕೆಯ ತಲೆಬರಹವನ್ನು ಬಿಡಿಸಬಲ್ಲರು. ಆದರೆ ವಾರ್ತೆ ಹಚ್ಚಿದರೆ ಎರಡು ನಿಮಿಷದಲ್ಲಿ ದಿಕ್ಕುತಪ್ಪುತ್ತಾರೆ. ಕಲಿಕೆಯನ್ನು ಕೈಬಿಡುವ ಯೋಚನೆ ಬಲಿಯುವುದೂ ಈ ಘಟ್ಟದಲ್ಲೇ.

ನಿಮಿಷಕ್ಕೆ ಏಳೆಂಟು ಅಪರಿಚಿತರು

ಅಮೆರಿಕದ ವಿದೇಶಾಂಗ ಸೇವಾ ತರಬೇತಿ ಸಂಸ್ಥೆಯು ತನ್ನ ರಾಜತಾಂತ್ರಿಕರಿಗೆ ಅರಬ್ಬಿ ಕಲಿಸಲು 88 ವಾರಗಳ, ಅಂದರೆ ಸುಮಾರು 2,200 ಗಂಟೆಗಳ ತರಗತಿಯನ್ನು ನಿಗದಿ ಮಾಡಿದೆ. ಸ್ಪ್ಯಾನಿಷ್ ಅಥವಾ ಇಟಾಲಿಯನ್ ಕಲಿಕೆಗೆ ಇದರ ಮೂರನೇ ಒಂದು ಪಾಲು ಸಾಕಾಗುತ್ತದೆ. ಇಂಗ್ಲಿಷ್ ಮಾತೃಭಾಷೆಯವರನ್ನು ಕುರಿತ ಲೆಕ್ಕ ಇದಾದರೂ ಕಷ್ಟದ ಪ್ರಮಾಣವನ್ನು ಊಹಿಸಲು ಸಾಕು.

ಒಂದು ಬರಹವನ್ನು ಯಾರ ನೆರವೂ ಇಲ್ಲದೆ ಗ್ರಹಿಸಬೇಕಾದರೆ ಅದರಲ್ಲಿರುವ ಪದಗಳ ಪೈಕಿ ಶೇ. 98ರಷ್ಟಾದರೂ ಓದುಗನಿಗೆ ತಿಳಿದಿರಬೇಕು ಎಂಬುದು ಪಾಲ್ ನೇಷನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಸಾರ. ಕೇಳಿ ಗ್ರಹಿಸುವುದಕ್ಕೆ ಶೇ. 95 ಸಾಕಾದೀತೆಂದು 2013ರ ಮತ್ತೊಂದು ಅಧ್ಯಯನ ಸೂಚಿಸಿತು. ಎರಡೂ ಇಂಗ್ಲಿಷ್ ಭಾಷೆಯನ್ನು ಆಧರಿಸಿದವು. ಆದರೂ ಈ ಅಂಕಿಯನ್ನು ವಾರ್ತೆಗೆ ಅನ್ವಯಿಸಿ ನೋಡಬಹುದು. ವಾಚಕರು ನಿಮಿಷಕ್ಕೆ 150 ಪದಗಳನ್ನು ಓದುತ್ತಾರೆಂದು ಇಟ್ಟುಕೊಂಡರೆ, ಶೇ. 95ರಷ್ಟು ತಿಳಿದವನಿಗೂ ಪ್ರತಿ ನಿಮಿಷ ಏಳೆಂಟು ಅಪರಿಚಿತ ಪದಗಳು ಎದುರಾಗುತ್ತವೆ. ಶೇ. 80ರಷ್ಟು ಮಾತ್ರ ತಿಳಿದಿದ್ದರೆ 30 ಪದಗಳು. ಎರಡು ಕ್ಷಣಕ್ಕೊಂದು ಗೊತ್ತಿಲ್ಲದ ಪದ ಬಂದು ಬಡಿಯುತ್ತಿದ್ದರೆ ಯಾರ ಕಿವಿಯಾದರೂ ಸೋಲುತ್ತದೆ.

ಪುಸ್ತಕ ಓದಿಯೇ ಈ ಕೊರತೆಯನ್ನು ತುಂಬಿಕೊಳ್ಳಬಾರದೇ ಎಂದರೆ ಅಲ್ಲಿಯೂ ತೊಡಕಿದೆ. ಕನ್ನಡದಲ್ಲಿ ಬರೆದದ್ದನ್ನು ಬರೆದಂತೆಯೇ ಓದುತ್ತೇವೆ. ಪ್ರತಿ ಅಕ್ಷರವೂ ತನ್ನ ಸ್ವರವನ್ನು ಹೊತ್ತೇ ನಿಂತಿರುತ್ತದೆ. ಅರಬ್ಬಿ ಲಿಪಿಯಾದರೋ ದೀರ್ಘ ಸ್ವರಗಳನ್ನು ಬರೆದು ಹ್ರಸ್ವ ಸ್ವರಗಳನ್ನು ಓದುಗನ ಊಹೆಗೆ ಬಿಡುತ್ತದೆ. ಧರ್ಮಗ್ರಂಥ ಮತ್ತು ಮಕ್ಕಳ ಪುಸ್ತಕಗಳಲ್ಲಿ ಸ್ವರಚಿಹ್ನೆಗಳಿರುತ್ತವೆ, ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ‘ಕ-ತ-ಬ’ ಎಂಬ ಮೂರು ವ್ಯಂಜನಗಳ ಬರಹವನ್ನು ‘ಕತಬ’ ಎಂದರೆ ಅವನು ಬರೆದನು, ‘ಕುತಿಬ’ ಎಂದರೆ ಅದು ಬರೆಯಲ್ಪಟ್ಟಿತು, ‘ಕುತುಬ್’ ಎಂದರೆ ಪುಸ್ತಕಗಳು. ಮೂರೂ ಕಾಗದದ ಮೇಲೆ ಒಂದೇ ರೂಪ. ಪದವನ್ನು ಮೊದಲೇ ಕಿವಿಯಿಂದ ಬಲ್ಲವನು ಮಾತ್ರ ಅದನ್ನು ಸರಿಯಾಗಿ ಓದಬಲ್ಲ. ಆದ್ದರಿಂದ ಅರಬ್ಬಿಯ ಮಟ್ಟಿಗೆ ಧ್ವನಿಮುದ್ರಿಕೆ ಪಠ್ಯದೊಡನೆ ಉಚಿತವಾಗಿ ಕೊಡುವ ವಸ್ತುವಲ್ಲ, ಪಠ್ಯದ ಅರ್ಧಾಂಗ.

ಕನ್ನಡಿಗರಿಗೆ ಇನ್ನೊಂದು ಅಡಚಣೆಯೂ ಉಂಟು. ಅರಬ್ಬಿಯಲ್ಲಿ ‘ಕ’ಕಾರ ಎರಡು ಬಗೆ. ಗಂಟಲ ಆಳದಿಂದ ಹೊರಟರೆ ‘ಕಲ್ಬ್’ ಎಂದರೆ ಹೃದಯ, ನಮ್ಮ ‘ಕ’ದಂತೆ ಉಚ್ಚರಿಸಿದರೆ ನಾಯಿ. ‘ಸೈಫ್’ ಎಂಬುದನ್ನು ಹಗುರ ಸಕಾರದಿಂದ ಹೇಳಿದರೆ ಖಡ್ಗ, ನಾಲಿಗೆಯ ಹಿಂಭಾಗವನ್ನು ಎತ್ತಿ ಭಾರವಾಗಿ ಹೇಳಿದರೆ ಬೇಸಿಗೆ. ‘ತೀನ್’ ಅಂಜೂರವೂ ಹೌದು, ಒತ್ತು ಬದಲಾದರೆ ಜೇಡಿಮಣ್ಣೂ ಹೌದು. ಈ ಸಾಲುಗಳನ್ನು ಬರೆಯುವಾಗಲೇ ತೊಡಕು ಕಣ್ಣಿಗೆ ಬೀಳುತ್ತದೆ. ಕನ್ನಡ ಲಿಪಿಯಲ್ಲಿ ಆ ಎರಡೂ ಪದಗಳು ಒಂದೇ ರೀತಿ ಕಾಣುತ್ತವೆ. ಕನ್ನಡ ಅಕ್ಷರಗಳಲ್ಲಿ ಅರಬ್ಬಿ ಪದಪಟ್ಟಿ ಬರೆದುಕೊಂಡು ಕಂಠಪಾಠ ಮಾಡುವವರು ಹೃದಯವನ್ನೂ ನಾಯಿಯನ್ನೂ ಒಂದೇ ಕಡೆ ಕಟ್ಟಿಹಾಕುತ್ತಾರೆ.

ಚಮಚಕ್ಕೆ ಮುನ್ನ ವಿಶ್ವಸಂಸ್ಥೆ

ವಿಡಿಯೊ ಆಧಾರಿತ ಅರಬ್ಬಿ ಪಾಠವನ್ನು ವಿಶ್ವವಿದ್ಯಾಲಯಗಳಲ್ಲಿ ವ್ಯಾಪಕಗೊಳಿಸಿದ ಶ್ರೇಯಸ್ಸು ಬಹುಪಾಲು ‘ಅಲ್-ಕಿತಾಬ್’ ಪಠ್ಯಮಾಲೆಗೆ ಸಲ್ಲುತ್ತದೆ. ಕ್ರಿಸ್ಟನ್ ಬ್ರುಸ್ತಾದ್, ಮಹಮೂದ್ ಅಲ್-ಬತಲ್ ಮತ್ತು ಅಬ್ಬಾಸ್ ಅಲ್-ತೂನ್ಸಿ ರಚಿಸಿದ ಇದರ ಮೊದಲ ಭಾಗವನ್ನು ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಮುದ್ರಣಾಲಯ 1995ರಲ್ಲಿ ಹೊರತಂದಿತು. ಜೊತೆಗೆ ಟೇಪುಗಳಿದ್ದವು. 2004ರ ಎರಡನೇ ಆವೃತ್ತಿಗೆ ಡಿವಿಡಿ ಬಂದಿತು, 2011ರ ಮೂರನೇ ಆವೃತ್ತಿಯ ಹೊತ್ತಿಗೆ ದೃಶ್ಯಗಳೆಲ್ಲ ಅಂತರಜಾಲಕ್ಕೆ ಸಾಗಿದವು. ಕಾಲವೂ ಇದಕ್ಕೆ ಒದಗಿಬಂದಿತ್ತು. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಅಮೆರಿಕದ ಕಾಲೇಜುಗಳಲ್ಲಿ ಅರಬ್ಬಿಗೆ ಎಲ್ಲಿಲ್ಲದ ಬೇಡಿಕೆ ಉಂಟಾಯಿತು. 2002ರಲ್ಲಿ ಸುಮಾರು 10,500ರಷ್ಟಿದ್ದ ದಾಖಲಾತಿ 2006ರಲ್ಲಿ 24,000ದ ಸಮೀಪಕ್ಕೆ ಏರಿತು.

ನ್ಯೂಯಾರ್ಕಿನಲ್ಲಿ ನೆಲೆಸಿದ ಮಹಾ ಎಂಬ ಯುವತಿ ಮತ್ತು ಕೈರೋದಲ್ಲಿರುವ ಆಕೆಯ ಬಂಧು ಖಾಲಿದ್‌ನ ಕಥೆ ಪಾಠದಿಂದ ಪಾಠಕ್ಕೆ ಧಾರಾವಾಹಿಯಂತೆ ಬೆಳೆಯುವುದು ಈ ಮಾಲೆಯ ವಿಶೇಷ. ಮಹಾಳ ತಂದೆ ವಿಶ್ವಸಂಸ್ಥೆಯಲ್ಲಿ ಭಾಷಾಂತರಕಾರ. ಹೀಗಾಗಿ ವಿದ್ಯಾರ್ಥಿಗಳು ಮೊದಲ ಪಾಠದಲ್ಲೇ ‘ಅಲ್-ಉಮಮುಲ್ ಮುತ್ತಹಿದಾ’, ಅಂದರೆ ವಿಶ್ವಸಂಸ್ಥೆ ಎಂಬ ಪದವನ್ನು ಕಲಿಯುತ್ತಾರೆ. ಚಮಚಕ್ಕೆ, ತಟ್ಟೆಗೆ ಏನೆನ್ನುತ್ತಾರೆಂದು ತಿಳಿಯುವ ಮೊದಲೇ ವಿಶ್ವಸಂಸ್ಥೆ! ಇದನ್ನು ಹಿಡಿದು ನಗೆಯಾಡದ ತರಗತಿ ವಿರಳ. ಆದರೆ ನಗೆಯ ಹಿಂದೆ ಒಂದು ತತ್ವವಿದೆ. ವಿದ್ಯಾರ್ಥಿಯು ಪದಗಳ ಧ್ವನಿಯನ್ನು ಮೊದಲು ಕೇಳಿ, ಬಳಸಿ, ಆನಂತರ ದೃಶ್ಯ ನೋಡಬೇಕು. ದೃಶ್ಯ ಬಂದಾಗ ಆ ಪದಗಳು ಹಳೆಯ ಪರಿಚಯಸ್ಥರಂತೆ ಎದುರಾಗಬೇಕು. ಚಿತ್ರದಿಂದ ಪದಕ್ಕೆ ಹೋಗುವ ದಾರಿ ಇದಲ್ಲ, ಪದದಿಂದ ಚಿತ್ರಕ್ಕೆ ಬರುವ ದಾರಿ.

ಚಿತ್ರದ ಶಕ್ತಿಯನ್ನು ಅಲ್ಲಗಳೆಯುವಂತಿಲ್ಲ. ಮಾತು ಮತ್ತು ಬಿಂಬ ಎರಡೂ ರೂಪಗಳಲ್ಲಿ ಮನಸ್ಸಿಗೆ ಇಳಿದ ವಿಷಯ ಗಟ್ಟಿಯಾಗಿ ನಿಲ್ಲುತ್ತದೆ ಎಂಬ ವಾದವನ್ನು ಕೆನಡಾದ ಮನೋವಿಜ್ಞಾನಿ ಆಲನ್ ಪೈವಿಯೊ 1971ರ ತಮ್ಮ ಗ್ರಂಥದಲ್ಲಿ ಮಂಡಿಸಿದರು. ಆದರೆ ಎಂಥ ಚಿತ್ರ ಎಂಬಲ್ಲಿ ಒಮ್ಮತವಿಲ್ಲ. ಜರ್ಮನ್ ಕಲಿಯುವವರನ್ನು ಕುರಿತು ಡೊರೊಥಿ ಚುನ್ ಮತ್ತು ಯಾನ್ ಪ್ಲಾಸ್ 1996ರಲ್ಲಿ ನಡೆಸಿದ ಅಧ್ಯಯನದಲ್ಲಿ, ಅರ್ಥವಿವರಣೆಯೊಡನೆ ಸ್ಥಿರಚಿತ್ರವನ್ನು ಕಂಡ ಪದಗಳೇ ಹೆಚ್ಚು ನೆನಪಿನಲ್ಲಿ ಉಳಿದಿದ್ದವು. ಚಲಿಸುವ ದೃಶ್ಯ ಅಷ್ಟು ಫಲ ಕೊಟ್ಟಿರಲಿಲ್ಲ. ಇಂಗ್ಲಿಷ್ ಕಲಿಯುವವರನ್ನು ಕುರಿತು ಖಾಲಿದ್ ಅಲ್-ಸಗಯರ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ತದ್ವಿರುದ್ಧ ಫಲಿತಾಂಶ ನೀಡಿತು. ಅಲ್ಲಿ ವಿಡಿಯೊ ಗೆದ್ದಿತ್ತು.

ಎರಡೂ ಪಕ್ಷದವರು ಒಪ್ಪಬಹುದಾದ ಸಂಗತಿಯೊಂದಿದೆ. ‘ಓಡು’ ಎಂಬುದನ್ನು ತೋರಿಸಬಹುದು, ‘ಸಿಯಾದಾ’ ಅಂದರೆ ಸಾರ್ವಭೌಮತ್ವವನ್ನು ತೋರಿಸಲಾಗದು. ಮಧ್ಯಮ ಹಂತದವನು ಕಲಿಯಬೇಕಾದ ಪದಗಳಲ್ಲಿ ಹೆಚ್ಚಿನವು ಈ ಎರಡನೇ ಜಾತಿಗೆ ಸೇರಿದವು. ಒತ್ತಡ, ಪರಿಣಾಮ, ನಿಲುವು, ಆರೋಪ, ನಿರಾಕರಣೆ ಇವುಗಳಿಗೆಲ್ಲ ಮುಖವಿಲ್ಲ. ಆರಂಭದಲ್ಲಿ ಹೇಳಿದ ಮೇಜಿನ ದೃಶ್ಯವು ಇಲ್ಲಿ ಕಲಿಸುವ ಬದಲು ವಂಚಿಸುತ್ತದೆ. ದೃಶ್ಯ ನೋಡಿ ಅರ್ಥ ಊಹಿಸಿದ ವಿದ್ಯಾರ್ಥಿಯು ‘ಮುಫಾವದಾತ್’ ಎಂದರೆ ಸಭೆ ಎಂದೇ ಬರೆದುಕೊಳ್ಳುತ್ತಾನೆ. ಒಮ್ಮೆ ಹೀಗೆ ಬೇರೂರಿದ ತಪ್ಪನ್ನು ಕೀಳುವುದು ಹೊಸ ಪದ ಕಲಿಸುವುದಕ್ಕಿಂತ ಕಠಿಣ.

ಯಾವ ಭಾಷೆಯ ಅಡಿಬರಹ?

ಇಂಗ್ಲಿಷ್ ಅಡಿಬರಹ ಹಾಕಿಕೊಂಡು ಅರಬ್ಬಿ ಧಾರಾವಾಹಿ ನೋಡುವುದು ಸುಖಕರ. ಆದರೆ ಕಣ್ಣಿಗೆ ತಿಳಿದ ಭಾಷೆ ಸಿಕ್ಕಿದಾಗ ಕಿವಿ ರಜೆ ಹಾಕುತ್ತದೆ. ಕಥೆ ತಿಳಿಯುತ್ತದೆ, ಪದ ಸೇರುವುದಿಲ್ಲ. ಏನೂ ಇಲ್ಲದೆ ನೋಡಿದರೆ ಪದಗಳ ಗಡಿಯೇ ಗುರುತಾಗದು. ಎಲ್ಲಿ ಒಂದು ಪದ ಮುಗಿದು ಇನ್ನೊಂದು ಆರಂಭವಾಯಿತೆಂಬುದು ವೇಗದ ಮಾತಿನಲ್ಲಿ ತಿಳಿಯುವುದೇ ಇಲ್ಲ. ನಡುವಿನ ಮಾರ್ಗವೆಂದರೆ ಆಡಿದ ಮಾತನ್ನೇ ಯಥಾವತ್ತಾಗಿ ತೋರಿಸುವ ಅರಬ್ಬಿ ಅಡಿಬರಹ.

ಈ ಕುರಿತು ಪೌಲಾ ವಿಂಕ್, ಸೂಸನ್ ಗ್ಯಾಸ್ ಮತ್ತು ತತಿಯಾನಾ ಸಿಡೊರೆಂಕೊ ನಡೆಸಿದ ಅಧ್ಯಯನಗಳು ಗಮನಾರ್ಹ. ಅರಬ್ಬಿ, ಚೀನಿ, ರಷ್ಯನ್ ಮತ್ತು ಸ್ಪ್ಯಾನಿಷ್ ಕಲಿಯುತ್ತಿದ್ದ ವಿದ್ಯಾರ್ಥಿಗಳಿಗೆ ಅದೇ ಭಾಷೆಯ ಅಡಿಬರಹದೊಡನೆ ವಿಡಿಯೊ ತೋರಿಸಿದಾಗ ಗ್ರಹಿಕೆಯೂ ಪದಜ್ಞಾನವೂ ಉತ್ತಮಗೊಂಡವು ಎಂದು 2010ರ ವರದಿ ತಿಳಿಸಿತು. 2013ರಲ್ಲಿ ಅವರು ವಿದ್ಯಾರ್ಥಿಗಳ ಕಣ್ಣಿನ ಚಲನೆಯನ್ನೇ ಅಳೆದರು. ಸ್ಪ್ಯಾನಿಷ್ ಮತ್ತು ರಷ್ಯನ್ ಕಲಿಯುವವರಿಗಿಂತ ಅರಬ್ಬಿ ಕಲಿಯುವವರ ಕಣ್ಣು ಅಡಿಬರಹದ ಮೇಲೆ ಹೆಚ್ಚು ಹೊತ್ತು ನಿಂತಿತ್ತು. ಲಿಪಿ ಅಪರಿಚಿತವಾದಷ್ಟೂ ಓದು ನಿಧಾನ. ಅಂದರೆ ಅಡಿಬರಹ ಓದುವ ಭರದಲ್ಲಿ ಚಿತ್ರ ಕೈತಪ್ಪುವ ಅಪಾಯ ಅರಬ್ಬಿಯಲ್ಲಿ ಹೆಚ್ಚು. ಒಂದೇ ತುಣುಕನ್ನು ಮತ್ತೆ ಮತ್ತೆ ನೋಡಬೇಕೆಂದು ಶಿಕ್ಷಕರು ಹೇಳುವುದು ಇದಕ್ಕೇ. ಮೊದಲ ಸಲ ಕಿವಿಗಾಗಿ, ಎರಡನೇ ಸಲ ಕಣ್ಣಿಗಾಗಿ.

ವಾರ್ತಾವಾಹಿನಿಗಳ ತೆರೆಯ ಕೆಳಗೆ ಓಡುವ ಸುದ್ದಿಪಟ್ಟಿಯನ್ನು ಅಡಿಬರಹವೆಂದು ಭ್ರಮಿಸುವವರೂ ಇದ್ದಾರೆ. ವಾಚಕರು ಓದುತ್ತಿರುವುದು ಒಂದು ಸುದ್ದಿ, ಪಟ್ಟಿಯಲ್ಲಿ ಓಡುವುದು ಇನ್ನೊಂದು. ಕಾಗದದ ಚೀಟಿ ಅಂಟಿಸಿಯಾದರೂ ಸರಿ, ಅದನ್ನು ಮರೆಮಾಡುವುದೇ ಲೇಸು. ಯಂತ್ರವೇ ಸಿದ್ಧಪಡಿಸುವ ಅಡಿಬರಹಗಳು ಶಿಷ್ಟ ಅರಬ್ಬಿಯಲ್ಲಿ ತಕ್ಕಮಟ್ಟಿಗೆ ಉಪಯುಕ್ತವಾದರೂ ಆಡುನುಡಿ ಬಂದೊಡನೆ ಎಡವುತ್ತವೆ.

ಹಾಜರಿ ಪುಸ್ತಕದಿಂದ ನಾಗರಿಕತೆಯವರೆಗೆ

ಕೇಳಿದ ಪದವನ್ನು ಎಲ್ಲಿ ಬರೆದಿಡಬೇಕು? ಅಕಾರಾದಿಯಾಗಿ ಬರೆದರೆ ಪಟ್ಟಿ ಬೆಳೆಯುತ್ತದೆಯೇ ಹೊರತು ಜ್ಞಾನವಲ್ಲ. ಅರಬ್ಬಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಕವಲೊಡೆಯುತ್ತವೆ. 1952ರಲ್ಲಿ ಜರ್ಮನ್‌ನಲ್ಲಿ, 1961ರಲ್ಲಿ ಇಂಗ್ಲಿಷ್‌ನಲ್ಲಿ ಪ್ರಕಟವಾಗಿ ಇಂದಿಗೂ ಕಲಿಯುವವರ ಕೈಪಿಡಿಯಾಗಿರುವ ಹನ್ಸ್ ವೇರ್ ನಿಘಂಟು ಧಾತುಗಳ ಕ್ರಮದಲ್ಲೇ ಇದೆ. ಧಾತು ಗುರುತಿಸಲಾರದವನಿಗೆ ಆ ನಿಘಂಟು ತೆರೆದಿದ್ದೂ ಮುಚ್ಚಿದಂತೆ.

ಈ ಧಾತುವಿನ ಪರಿಕಲ್ಪನೆಯನ್ನು ಕನ್ನಡಿಗರು ತಮಗೆ ಅರಿವಿಲ್ಲದೆಯೇ ಅಂಗೈಯಲ್ಲಿ ಹಿಡಿದಿದ್ದಾರೆ. ಶಾಲೆಯ ಹಾಜರಿ, ಪೊಲೀಸರು ಬರೆಯುವ ಮಹಜರು, ಹಳೆಯ ದರ್ಬಾರಿನ ಹುಜೂರು ಮೂರೂ ‘ಹ-ದ-ರ’ ಎಂಬ ಒಂದೇ ಧಾತುವಿನ ಮಕ್ಕಳು. ಉಪಸ್ಥಿತನಾಗು ಎಂಬುದು ಅದರ ಮೂಲಾರ್ಥ. ಅರಬ್ಬಿಯಲ್ಲಿ ‘ಹಾದಿರ್’ ಎಂದರೆ ಹಾಜರಿರುವವನು, ‘ಮಹ್ದರ್’ ಎಂದರೆ ನಡಾವಳಿ ಅಥವಾ ಪೊಲೀಸ್ ದಾಖಲೆ. ಅದೇ ಧಾತುವಿನಿಂದ ಉಪನ್ಯಾಸಕ್ಕೆ ‘ಮುಹಾದರಾ’, ನಾಗರಿಕತೆಗೆ ‘ಹದಾರಾ’ ಎಂಬ ಪದಗಳು ಬಂದಿವೆ. ನಡುವಿನ ಭಾರದ ‘ದ’ಕಾರ ಪರ್ಷಿಯನ್ ಬಾಯಲ್ಲಿ ಸವೆದು, ನಮ್ಮಲ್ಲಿಗೆ ಬರುವಾಗ ‘ಜ’ ಆಯಿತು. ಅರ್ಜಿ, ಜಿಲ್ಲೆ, ಖಾಜಿ ಈ ಪದಗಳಲ್ಲೂ ನಡೆದಿರುವುದು ಇದೇ. ಈ ಒಂದು ಕೀಲಿ ಕೈಗೆ ಸಿಕ್ಕರೆ ಅರಬ್ಬಿ ವಾರ್ತೆಯಲ್ಲಿ ‘ಮುಆರದಾ’ ಎಂದು ಕೇಳಿದಾಗ ಅರ್ಜಿಯ ಧಾತು ಹೊಳೆಯುತ್ತದೆ. ಮುಂದಿಡು, ಎದುರಿಡು ಎಂಬ ಅರ್ಥದ ಆ ಧಾತುವಿನಿಂದ ಹುಟ್ಟಿದ ‘ಮುಆರದಾ’ ಎಂದರೆ ಸರ್ಕಾರದ ಎದುರು ನಿಲ್ಲುವ ವಿರೋಧ ಪಕ್ಷ. ವಕೀಲರ ಧಾತುವಿನಿಂದ ‘ವಿಕಾಲಾ’ ಎಂಬ ಪದ ಬಂದಿದ್ದು, ಸುದ್ದಿಸಂಸ್ಥೆಯನ್ನು ಹೆಸರಿಸುವಾಗ ಅದು ಕಿವಿಗೆ ಬೀಳುತ್ತಲೇ ಇರುತ್ತದೆ.

ಬಂಧುತ್ವದಲ್ಲಿ ಮೋಸವೂ ಇದೆ. ಅರಬ್ಬಿಯ ‘ತಕರಾರ್’ ಎಂದರೆ ಪುನರಾವರ್ತನೆ, ಜಗಳವಲ್ಲ. ‘ಗರೀಬ್’ ಎಂದರೆ ಅಪರಿಚಿತ, ಬಡವನಲ್ಲ. ‘ಕರಾರ್’ ಎಂದರೆ ನಿರ್ಣಯ. ಭದ್ರತಾ ಮಂಡಳಿಯ ‘ಕರಾರ್’ ಎಂದಾಗ ಒಪ್ಪಂದಪತ್ರವನ್ನು ಕಲ್ಪಿಸಿಕೊಳ್ಳಬಾರದು. ‘ಅಮಾನಾ’ ಎಂದರೆ ನಂಬಿಕೆ, ನಂಬಿ ಒಪ್ಪಿಸಿದ ವಸ್ತು. ಅದನ್ನೇ ನಾವು ಅಮಾನತು ಎನ್ನುತ್ತ ನೌಕರನನ್ನು ಮನೆಗೆ ಕಳಿಸುತ್ತೇವೆ!

ಕೇಳುವುದು ಯಾವ ಅರಬ್ಬಿ?

ದೃಶ್ಯ-ಶ್ರವ್ಯ ಪಾಠ ಸಿದ್ಧಪಡಿಸುವವರನ್ನು ಹೆಚ್ಚು ಕಾಡುವ ಪ್ರಶ್ನೆ ಇದು. ಬರಹಕ್ಕೆ, ವಾರ್ತೆಗೆ, ಭಾಷಣಕ್ಕೆ ಬಳಸುವ ಶಿಷ್ಟ ಅರಬ್ಬಿ ‘ಫುಸ್‌ಹಾ’ ಎನಿಸಿಕೊಳ್ಳುತ್ತದೆ. ಅದು ಯಾರ ಮನೆಮಾತೂ ಅಲ್ಲ. ‘ನಿನಗೇನು ಬೇಕು’ ಎಂಬುದಕ್ಕೆ ಫುಸ್‌ಹಾದಲ್ಲಿ ‘ಮಾದಾ ತುರೀದ್’. ಕೈರೋದಲ್ಲಿ ‘ಆಯಿಜ್ ಎಹ್’, ಡಮಾಸ್ಕಸ್‌ನಲ್ಲಿ ‘ಶೂ ಬಿದ್ದಕ್’, ರಿಯಾದ್‌ನಲ್ಲಿ ‘ವಿಶ್ ತಬೀ’. ರೊಟ್ಟಿಗೆ ಇತರೆಡೆ ‘ಖುಬ್ಜ್’ ಎಂದರೆ ಈಜಿಪ್ಟಿನವರು ಬದುಕು ಎಂಬರ್ಥದ ‘ಎಶ್’ ಎನ್ನುತ್ತಾರೆ. ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ 1959ರಲ್ಲಿ ದ್ವಿಸ್ತರ ಭಾಷಾಸ್ಥಿತಿಯನ್ನು ವಿವರಿಸುವಾಗ ಆರಿಸಿಕೊಂಡ ನಾಲ್ಕು ನಿದರ್ಶನಗಳಲ್ಲಿ ಅರಬ್ಬಿಯೂ ಒಂದು. ಧಾರವಾಡದ ಮಾತಿಗೂ ಮಂಗಳೂರಿನ ಮಾತಿಗೂ ಗ್ರಾಂಥಿಕ ಕನ್ನಡಕ್ಕೂ ಇರುವ ಅಂತರವನ್ನು ಬಲ್ಲ ನಮಗೆ ಇದು ತೀರಾ ಅಪರಿಚಿತವಲ್ಲ. ಅಲ್ಲಿ ಅಂತರ ಇನ್ನೂ ಹೆಚ್ಚು, ಅಷ್ಟೆ.

ಮಾಧ್ಯಮಗಳು ಈ ಗೆರೆಯನ್ನು ತಮಗೆ ಬೇಕಾದಂತೆ ಎಳೆದುಕೊಂಡಿವೆ. 1996ರಲ್ಲಿ ದೋಹಾದಲ್ಲಿ ಆರಂಭವಾದ ಅಲ್ ಜಜೀರಾ ವಾಹಿನಿಯ ವಾರ್ತೆಗಳದು ಫುಸ್‌ಹಾ. ಅರಬ್ಬಿ ಕಲಿಯುವವರಿಗೆಂದೇ ಅದು ಮಟ್ಟವಾರು ದೃಶ್ಯಪಾಠಗಳನ್ನೂ ರೂಪಿಸಿತು. ಬಿಬಿಸಿಯ ಅರಬ್ಬಿ ಬಾನುಲಿ 1938ರಿಂದ ತಲೆಮಾರುಗಳ ಕಿವಿಯನ್ನು ತಿದ್ದಿ, 2023ರ ಜನವರಿಯಲ್ಲಿ ಸ್ಥಗಿತಗೊಂಡಿತು. ಸಿನಿಮಾ ಮತ್ತು ಕೌಟುಂಬಿಕ ಧಾರಾವಾಹಿಗಳು ಬಹುತೇಕ ಆಡುನುಡಿಯವು. 2008ರಲ್ಲಿ ಅರಬ್ ಮನೆಗಳನ್ನು ಆವರಿಸಿದ ಟರ್ಕಿಯ ‘ನೂರ್’ ಧಾರಾವಾಹಿ ಸಿರಿಯಾದ ಆಡುಮಾತಿಗೆ ಡಬ್ ಆಗಿತ್ತು. ಐತಿಹಾಸಿಕ ಧಾರಾವಾಹಿಗಳ ಸುಲ್ತಾನರು, ಸೇನಾನಿಗಳು ಮಾತ್ರ ಫುಸ್‌ಹಾ ಬಿಟ್ಟು ಬಾಯಿ ತೆರೆಯರು.

ಮಧ್ಯಮ ಹಂತದವರ ನಿಜವಾದ ನಿಧಿ ಇರುವುದು ಅವರು ನಾಚಿಕೊಂಡು ದೂರವಿಡುವ ಕಡೆ, ಅಂದರೆ ಮಕ್ಕಳ ಕಾರ್ಯಕ್ರಮಗಳಲ್ಲಿ. ಅಮೆರಿಕದ ‘ಸೆಸಮಿ ಸ್ಟ್ರೀಟ್’ನ ಅರಬ್ಬಿ ರೂಪವಾದ ‘ಇಫ್ತಹ್ ಯಾ ಸಿಮ್‌ಸಿಮ್’ 1979ರಲ್ಲಿ ಕುವೈತ್‌ನಲ್ಲಿ ಸಿದ್ಧವಾಗಿ ಪ್ರಸಾರಗೊಂಡಿತು. ಅಲಿಬಾಬಾ ಗುಹೆಯ ಬಾಗಿಲು ತೆರೆಸಿದ ಮಂತ್ರವೇ ಅದರ ಹೆಸರು, ‘ಸಿಮ್‌ಸಿಮ್’ ಎಂದರೆ ಎಳ್ಳು. ಹಲವು ದೇಶಗಳ ಮಕ್ಕಳಿಗೆ ಒಟ್ಟಿಗೆ ತಿಳಿಯಬೇಕೆಂದು ಸರಳ ಫುಸ್‌ಹಾವನ್ನು ಆರಿಸಿಕೊಳ್ಳಲಾಯಿತು. ಕಾರ್ಯಕ್ರಮ 2015ರಲ್ಲಿ ಹೊಸರೂಪ ತಳೆಯಿತು. 2000ದಲ್ಲಿ ಆರಂಭವಾದ ಸ್ಪೇಸ್‌ಟೂನ್ ವಾಹಿನಿಯ ಜಪಾನಿ ವ್ಯಂಗ್ಯಚಿತ್ರಗಳೂ ಫುಸ್‌ಹಾದಲ್ಲೇ ಮಾತನಾಡುತ್ತವೆ. ದಶಕಗಳ ಕಾಲ ಈಜಿಪ್ಟಿನ ಆಡುಮಾತಿಗೆ ಚಿತ್ರಗಳನ್ನು ಡಬ್ ಮಾಡುತ್ತಿದ್ದ ಡಿಸ್ನಿ ಸಂಸ್ಥೆ 2013ರ ‘ಫ್ರೋಜನ್’ ಚಿತ್ರಕ್ಕೆ ಫುಸ್‌ಹಾ ಬಳಸಿದಾಗ ಮಕ್ಕಳ ಹಾಡಿಗೆ ಗ್ರಂಥದ ಭಾಷೆಯೇಕೆ ಎಂಬ ಚರ್ಚೆ ಎದ್ದಿತು. ಮಕ್ಕಳಿಗೆ ಅದರಿಂದ ಏನಾಯಿತೋ, ವಿದೇಶಿ ವಿದ್ಯಾರ್ಥಿಗಳಿಗಂತೂ ಲಾಭವೇ. ಸ್ಪಷ್ಟ ಉಚ್ಚಾರಣೆ, ಚಿಕ್ಕ ವಾಕ್ಯ, ಮಾತಿಗೆ ತಕ್ಕ ಚಿತ್ರ ಇವೆಲ್ಲ ಒಂದೆಡೆ ದೊರೆಯುವುದು ಇಲ್ಲಿಯೇ.

ಆದರೆ ಫುಸ್‌ಹಾ ಒಂದನ್ನೇ ನೆಚ್ಚಿದರೆ ಬೆಲೆ ತೆರಬೇಕಾಗುತ್ತದೆ. ಕರಾವಳಿಯೂ ಸೇರಿದಂತೆ ರಾಜ್ಯದ ನಾನಾ ಭಾಗಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವವರಿದ್ದಾರೆ. ಪದವಿಪೂರ್ವ ತರಗತಿಯಲ್ಲಿ ಅರಬ್ಬಿಯನ್ನು ಭಾಷಾ ವಿಷಯವಾಗಿ ಓದಿದವರೂ ಇದ್ದಾರೆ. ಆಸ್ಪತ್ರೆಯ ವಾರ್ಡಿನಲ್ಲಿ ನಿಂತ ದಾದಿಯನ್ನು ಕಲ್ಪಿಸಿಕೊಳ್ಳಿ. ಪುಸ್ತಕದಲ್ಲಿ ‘ನೋಯುತ್ತಿದೆ’ ಎಂಬುದಕ್ಕೆ ‘ಯುಲಿಮುನೀ’ ಎಂದು ಆಕೆ ಕಲಿತಿದ್ದಾಳೆ. ಕೊಲ್ಲಿಯ ವೃದ್ಧ ರೋಗಿ ಹೊಟ್ಟೆ ಹಿಡಿದುಕೊಂಡು ಹೇಳುವುದು ‘ಯಿಅವ್ವಿರ್ನೀ’. ಪಕ್ಕದ ಹಾಸಿಗೆಯ ಸಿರಿಯಾದವನು ‘ಬ್ಯೂಜಅನೀ’ ಎನ್ನುತ್ತಾನೆ. ಮೂವರು ಹೇಳುವುದೂ ಒಂದೇ ನೋವು. ಇಲ್ಲಿ ಪದ ತಪ್ಪಿದರೆ ಪರೀಕ್ಷೆಯ ಅಂಕ ಕಳೆಯುವುದಷ್ಟೇ ಅಲ್ಲ. ಹೀಗಾಗಿ ಅಲ್-ಕಿತಾಬ್‌ನ ಮೂರನೇ ಆವೃತ್ತಿಯು ಫುಸ್‌ಹಾದ ಜೊತೆಗೆ ಈಜಿಪ್ಟಿನ ಮತ್ತು ಸಿರಿಯಾದ ಆಡುಮಾತಿನಲ್ಲೂ ಕಥೆಯ ದೃಶ್ಯಗಳನ್ನು ಕೊಟ್ಟಿತು. ಕೊಲ್ಲಿಯ ಆಡುಮಾತಿಗೆ ಅಲ್ಲಿ ಜಾಗ ಸಿಗಲಿಲ್ಲ. ನಮ್ಮವರಿಗೆ ಹೆಚ್ಚು ಬೇಕಾದದ್ದು ಅದೇ ಆಗಿತ್ತು.

ಹವಾಮಾನ ವರದಿಯೇ ಪಾಠ

ಒಂದೇ ವಿಷಯದ, ಒಂದೇ ಸರಣಿಯ ಕಾರ್ಯಕ್ರಮಗಳನ್ನು ಬೆನ್ನುಬೆನ್ನಿಗೆ ನೋಡಿದರೆ ಎದುರಾಗುವ ಹೊಸ ಪದಗಳು ಕಡಿಮೆಯಾಗಿ, ಹಳೆಯವೇ ಮರಳಿ ಬರುತ್ತವೆ ಎಂಬುದನ್ನು ಮೈಕೆಲ್ ರಾಜರ್ಸ್ ಮತ್ತು ಸ್ಟುವರ್ಟ್ ವೆಬ್ 2011ರಲ್ಲಿ ಇಂಗ್ಲಿಷ್ ಧಾರಾವಾಹಿಗಳ ಪದಗಳನ್ನು ಎಣಿಸಿ ತೋರಿಸಿದರು. ಈ ತತ್ವಕ್ಕೆ ಅರಬ್ಬಿಯಲ್ಲಿ ಹೇಳಿ ಮಾಡಿಸಿದಂತಿರುವುದು ವಾರ್ತೆಯ ಕೊನೆಯಲ್ಲಿ ಬರುವ ಹವಾಮಾನ ವರದಿ. ಗಣ್ಯರ ಮೇಜು ಅಡಗಿಸಿಡುವ ಅರ್ಥವನ್ನು ಇಲ್ಲಿನ ಭೂಪಟ ಬಿಚ್ಚಿಡುತ್ತದೆ. ಮೋಡವಿದ್ದಲ್ಲಿ ಮೋಡದ ಚಿತ್ರ, ಗಾಳಿ ಬೀಸಿದ ಕಡೆಗೆ ಬಾಣ. ಪದಗಳೂ ನಾಳೆ ಮತ್ತೆ ಬರುತ್ತವೆ, ನಾಡಿದ್ದೂ ಬರುತ್ತವೆ.

ಕನ್ನಡಿಗನಿಗೆ ಇಲ್ಲಿ ಇನ್ನೊಂದು ಅನುಕೂಲ. ಹವಾಮಾನದ ‘ಹವಾ’ ಅರಬ್ಬಿಯದೇ, ಗಾಳಿ ಎಂದರ್ಥ. ಉಷ್ಣಾಂಶಕ್ಕೆ ‘ದರಜತುಲ್ ಹರಾರಾ’ ಎನ್ನುತ್ತಾರೆ. ಅದರ ‘ದರಜಾ’ ನಮ್ಮ ಪ್ರಥಮ ದರ್ಜೆ, ದ್ವಿತೀಯ ದರ್ಜೆಗಳ ದರ್ಜೆ. ಋತುವಿಗೆ ‘ಮೌಸಿಮ್’, ಮಾನ್ಸೂನ್ ಎಂಬ ಇಂಗ್ಲಿಷ್ ಪದದ ಮೂಲ. ಮಳೆ ‘ಮತರ್’, ಬಹುವಚನದಲ್ಲಿ ‘ಅಮ್ತಾರ್’. ಗಾಳಿಗಳು ‘ರಿಯಾಹ್’. ಪದದ ಒಳಗಿನ ಸ್ವರಗಳೇ ಬದಲಾಗಿ ಬಹುವಚನ ಹುಟ್ಟುವ ಅರಬ್ಬಿಯ ಈ ಕಾಟ ಪುಸ್ತಕದಲ್ಲಿ ಕಂಠಪಾಠದ ಶಿಕ್ಷೆಯಾದರೆ, ಇಲ್ಲಿ ತಾನಾಗಿ ಕಿವಿಗೆ ರೂಢಿಯಾಗುತ್ತದೆ. ಸಂಖ್ಯೆಗಳಿಗೂ ಅಭ್ಯಾಸವಾಗುತ್ತದೆ. ನಾವು ನಲವತ್ತೇಳು ಎಂದರೆ ಅವರು ಬಿಡಿಯನ್ನು ಮೊದಲಿಟ್ಟು ‘ಏಳು ಮತ್ತು ನಲವತ್ತು’ ಎನ್ನುತ್ತಾರೆ. ಭೂಪಟದ ಮೇಲೆ 47 ಎಂದು ಕಣ್ಣೆದುರೇ ಇರುವುದರಿಂದ ಕಿವಿ ತಪ್ಪಿದ್ದನ್ನು ಕಣ್ಣು ತಿದ್ದುತ್ತದೆ.

ಪಾಠಕ್ಕೆ ಒಂದೂವರೆ ನಿಮಿಷದ ತುಣುಕು ಸಾಕು. ಮೊದಲು ಚಿತ್ರವಿಲ್ಲದೆ ಧ್ವನಿಯನ್ನಷ್ಟೇ ಕೇಳಿ, ಹಿಡಿಯಲಾದ ಪದಗಳನ್ನು ಅರಬ್ಬಿ ಲಿಪಿಯಲ್ಲೇ ಗೀಚಿಕೊಳ್ಳಬೇಕು. ಅನಂತರ ಚಿತ್ರದೊಡನೆ ನೋಡಿ, ಊಹೆ ಸರಿಯೇ ಎಂದು ಪರಿಶೀಲಿಸಬೇಕು. ಶಿಕ್ಷಕರಿದ್ದರೆ ಅವರಿಂದ ಲಿಖಿತ ಪಾಠ ಪಡೆದು ಸಾಲುಸಾಲಾಗಿ ಹೋಲಿಸಿ, ಹೊಸ ಪದಗಳನ್ನು ಧಾತುವಿನ ಕೆಳಗೆ ಬರೆದಿಡಬೇಕು. ದಿನಕ್ಕೆ ಐದಾರು ಪದ ಸಾಕು. ಇಪ್ಪತ್ತು ಬರೆದವರು ಮರುದಿನ ಹದಿನೈದನ್ನು ಮರೆಯುತ್ತಾರೆ. ಯಾವ ಪದ ಬರೆದುಕೊಳ್ಳಬೇಕೆಂಬ ಗೊಂದಲವಿದ್ದರೆ, ಮೂರು ಕೋಟಿ ಪದಗಳ ಸಂಗ್ರಹವನ್ನು ಜಾಲಾಡಿ ಟಿಮ್ ಬಕ್‌ವಾಲ್ಟರ್ ಮತ್ತು ದಿಲ್ವರ್ತ್ ಪಾರ್ಕಿನ್ಸನ್ 2011ರಲ್ಲಿ ಹೊರತಂದ 5,000 ಪದಗಳ ಬಳಕೆ ನಿಘಂಟು ನೆರವಿಗಿದೆ.

ಒಂದು ವಾರ ಹೀಗೆ ನಡೆದ ಮೇಲೆ ಎಂಟನೇ ದಿನ ಧ್ವನಿಯನ್ನು ಅಡಗಿಸಿ, ಭೂಪಟದ ಮುಂದೆ ವಿದ್ಯಾರ್ಥಿಯೇ ನಿಂತು ವರದಿ ಹೇಳಬೇಕು. ಅದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಮೂಲದೊಡನೆ ಹೋಲಿಸಿ ಕೇಳಿದಾಗ ತಪ್ಪುಗಳು ತಾವಾಗಿ ಎದ್ದು ಕಾಣುತ್ತವೆ. ನಮ್ಮ ಕಡೆಯವರು ಎಡವುವುದು ಹೆಚ್ಚಾಗಿ ಭಾರದ ಸಕಾರದಲ್ಲಿ. ಬಾಗ್ದಾದಿಗೆ ಬೇಸಿಗೆ ಬಂದಿತು ಎನ್ನಲು ಹೊರಟವರು ಬಾಗ್ದಾದಿಗೆ ಖಡ್ಗ ಬಂದಿತು ಎಂದು ಗಂಭೀರವಾಗಿ ಸಾರುತ್ತಾರೆ.